ಮಳೆಗಾಲಕ್ಕೆ ಹೇಳಿ ಮಾಡಿಸಿದ ಲೈಬ್ರರಿ
ಆಗುಂಬೆ ಹತ್ತಿರದ ನಮ್ಮೂರಿಂದ ತೀರ್ಥಹಳ್ಳಿ ಲೈಬ್ರರಿಗೆ ಹೋಗಿಬರಲು ಅರ್ಧ ದಿನ ಬೇಕು. ಆಷಾಢದ ಮಳೆಯಲ್ಲಂತೂ ಕೇಳಲೇಬೇಡಿ. ಹಾಗಾಗಿ ಎರಡು ವರ್ಷದಿಂದ ಇಂಟರ್ನೆಟ್ ಆರ್ಕೈವ್ ಅನ್ನೋ ವೆಬ್‌ಸೈಟೇ ನನ್ನ ಲೈಬ್ರರಿ. 1996ರಲ್ಲಿ ಅಮೆರಿಕದಲ್ಲಿ ಶುರುವಾದ ಇದರಲ್ಲಿ ಹಳೇ ಕನ್ನಡ ಪುಸ್ತಕಗಳ ರಾಶಿಯೇ ಇದೆ. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಆಗಾಗ ದೇಣಿಗೆ ಕೇಳುತ್ತದೆ, ಅಷ್ಟೇ.

ಹುಡುಕುವಾಗ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಹೊಡೆದು ನೋಡಿ. ಎಷ್ಟೋ ಪುಸ್ತಕಗಳು ಹಾಗೇ ಸೇರಿಕೊಂಡಿವೆ. ಸಿಗಲಿಲ್ಲವೇ? ಒಂದು 'ಎ' ಜಾಸ್ತಿ ಹಾಕಿ ಮತ್ತೆ ಹುಡುಕಿ. ನನಗೆ ಹಳೆಯದೊಂದು ವ್ಯಾಕರಣದ ಪುಸ್ತಕ ಸಿಕ್ಕಿದ್ದು ಹಾಗೆಯೇ. ಸ್ಕ್ಯಾನ್ ಮಾಡಿದ ಪುಣ್ಯಾತ್ಮರು ಯಾರೋ, ಒಂದು ಪುಟದಲ್ಲಿ ಅವರ ಹೆಬ್ಬೆರಳೂ ಬಂದಿತ್ತು!

ಪಿಡಿಎಫ್‌ಗಳು ದೊಡ್ಡವು. ರಾತ್ರಿ ಊಟವಾದ ಮೇಲೆ ಅಟ್ಟದ ಕಿಟಕಿಯಲ್ಲಿ ಫೋನಿಟ್ಟು ಮಲಗುತ್ತೇನೆ. ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಆಮೇಲೆ ಮೂರು ದಿನ ನೆಟ್‌ವರ್ಕ್ ಹೋದರೂ ಚಿಂತೆಯಿಲ್ಲ.

ಹೊಸ ಪುಸ್ತಕ ಬೇಕೆಂದರೆ ಮಾತ್ರ ಇದು ಆಗುವುದಿಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ನಮ್ಮ ತಾಲ್ಲೂಕಿನ ಕುವೆಂಪು ಹೋಗಿದ್ದು 1994ರಲ್ಲಿ. ಅಂದರೆ 2054 ಮುಗಿಯಬೇಕು, ಅಲ್ವಾ? ಅಷ್ಟು ಹೊತ್ತಿಗೆ ನಾನಿರುವುದಿಲ್ಲ ಬಿಡಿ. ಅವರ ಪುಸ್ತಕಗಳನ್ನು ಶಿವಮೊಗ್ಗಕ್ಕೆ ಹೋದಾಗ ಕೊಂಡೇ ತರುತ್ತೇನೆ.