ಮಳೆಗಾಲಕ್ಕೆ ಬೇಸ್ ಗಿಟಾರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಬೇಡಿ

ಶಿವಮೊಗ್ಗ ಕಡೆ ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೆಲ್ಲ ಮಳೆಗಾಲದ ಕಥೆ ಗೊತ್ತೇ ಇದೆ. ಮೇ ತಿಂಗಳ ಮದುವೆಗಳು ಮುಗಿದರೆ ಆಮೇಲೆ ಗಣಪತಿ ಹಬ್ಬದ ತನಕ ಕೈ ಖಾಲಿ. ಆ ಮೂರು ತಿಂಗಳು ವಾದ್ಯಗಳೆಲ್ಲ ಮನೆಯಲ್ಲೇ. ಹೋದ ವರ್ಷ ಆ ಮೂರು ತಿಂಗಳಲ್ಲೇ ನಾಲ್ಕು ದಪ್ಪ ತಂತಿಯ ನನ್ನ ಬೇಸ್ ಗಿಟಾರೂ ಹಾಳಾಯಿತು, ಅದರ ಶಬ್ದ ದೊಡ್ಡದು ಮಾಡುವ ಆಂಪ್ಲಿಫೈಯರೂ (ಆಂಪ್) ಹಾಳಾಯಿತು. ಮನೆ ಸೋರಿರಲಿಲ್ಲ. ಒಂದು ಹನಿ ಮಳೆನೀರು ಅವಕ್ಕೆ ತಾಗಿರಲಿಲ್ಲ. ಎಲ್ಲವೂ ನಾನು ಜೋಪಾನ ಮಾಡಲು ಹೋಗಿಯೇ ಆಗಿದ್ದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೇ ಕೊನೆಯಲ್ಲಿ ಶಿವಮೊಗ್ಗದ ಬಾಡಿಗೆ ರೂಮು ಬಿಟ್ಟು, ಸಾಮಾನೆಲ್ಲ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಗೆ ತಂದೆ. ನಮ್ಮೂರು ಆಗುಂಬೆ ದಾರಿಯಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಆರಿದ್ರಾ ಮಳೆ ಹಿಡಿಯಿತು ಅಂದರೆ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಎಷ್ಟು ಗೀರಿದರೂ ಹತ್ತುವುದಿಲ್ಲ. ಇದೆಲ್ಲ ಚಿಕ್ಕಂದಿನಿಂದ ನೋಡಿದ್ದೇ. ಹಾಗಾಗಿ ಗಿಟಾರಿಗೆ ಥಂಡಿ ತಾಗಬಾರದು ಅಂತ ಜಾಸ್ತಿಯೇ ಕಾಳಜಿ ಮಾಡಿದೆ. ಬೇಸನ್ನು ಅದರ ಬ್ಯಾಗಿನಲ್ಲಿ ಹಾಕಿದೆ. ಬ್ಯಾಗಿನ ಮೇಲೆ ಅಡಿಕೆಗೆ ಹೊದಿಸಿ ಉಳಿದಿದ್ದ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ಗಾಳಿಯೂ ಹೋಗದ ಹಾಗೆ ಟೇಪ್ ಹಾಕಿದೆ. ಅಟ್ಟದ ಮೇಲೆ ಮಲಗಿಸಿ ಬಂದೆ. ಆಂಪಿಗೂ ಅದೇ ಪ್ಲಾಸ್ಟಿಕ್. ಅದು 12 ಇಂಚಿನ ಸ್ಪೀಕರ್ ಇರುವ 100 ವಾಟಿನ ಡಬ್ಬ, ಅಟ್ಟಕ್ಕೆ ಹತ್ತಿಸಲು ಭಾರ. ಬಚ್ಚಲ ಗೋಡೆಗೆ ಒತ್ತಿ ನೆಲದ ಮೇಲೇ ಇಟ್ಟೆ.

ಗಣಪತಿ ಕಾರ್ಯಕ್ರಮಕ್ಕೆ ಹತ್ತು ದಿನ ಇದ್ದಾಗ ಇಳಿಸಿ ಬಿಚ್ಚಿದೆ. ಮೊದಲು ಬಂದದ್ದು ವಾಸನೆ. ಅಮ್ಮ ಅಡುಗೆ ಮನೆಯಿಂದಲೇ "ಎಂತ ಮಾರಾಯ ಅದು, ಇಷ್ಟು ಬೂಷ್ಟಿನ ವಾಸನೆ?" ಅಂತ ಕೇಳಿದರು. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿಹನಿ ನೀರು ನಿಂತಿತ್ತು. ಹೆಗಲಿಗೆ ಹಾಕುವ ಬೆಲ್ಟಿನ ಮೇಲೆ ಬೆರಳು ದಪ್ಪ ಬಿಳಿ ಬೂಷ್ಟು. ತಂತಿ ಮುಟ್ಟಿದರೆ ಕೈಗೆಲ್ಲ ಕೆಂಪು ತುಕ್ಕು. ತಂತಿ ಬಿಗಿ ಮಾಡುವ ಕಿವಿ ತಿರುಗಿಸಿದರೆ ಎರಡು ಅಲ್ಲಾಡಲೇ ಇಲ್ಲ. ಬಾಡಿಯ ಹಿಂದಿನ ಚಿಕ್ಕ ಮುಚ್ಚಳ ತೆಗೆದರೆ, ಒಳಗಿದ್ದ 9 ವೋಲ್ಟಿನ ಬ್ಯಾಟರಿ ಸೋರಿ ಪಕ್ಕದ ವೈರುಗಳೆಲ್ಲ ಹಸಿರು ತಿರುಗಿದ್ದವು.

ಅಷ್ಟು ಬಿಗಿಯಾಗಿ ಸುತ್ತಿದ್ದಕ್ಕೆ ಹೀಗಾಯಿತು ಅಂತ ಆಮೇಲೆ ಅರ್ಥವಾಯಿತು. ಮರ, ಬಟ್ಟೆಯ ಬೆಲ್ಟು, ಬ್ಯಾಗಿನೊಳಗಿನ ಸ್ಪಂಜು ಇವೆಲ್ಲ ಗಾಳಿಯ ನೀರಂಶವನ್ನು ಹೀರಿಕೊಂಡೇ ಇರುತ್ತವೆ. ಹಂಚಿನ ಕೆಳಗಿನ ಅಟ್ಟ ಹಗಲು ಸ್ವಲ್ಪ ಬಿಸಿಯಾಗುತ್ತದೆ. ಆಗ ಅವು ಆ ನೀರಂಶ ಬಿಡುತ್ತವೆ. ಪ್ಲಾಸ್ಟಿಕ್ ಇರುವುದರಿಂದ ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ರಾತ್ರಿ ತಣ್ಣಗಾದಾಗ ಅದೇ ಹನಿಯಾಗಿ ತಂತಿ, ತಿರುಪು, ಬೆರಳು ಒತ್ತುವ ಕಡೆ ಅಡ್ಡಕ್ಕಿರುವ ಲೋಹದ ಫ್ರೆಟ್ಟುಗಳ ಮೇಲೆ ಕೂರುತ್ತದೆ. ದಿನಾ ಹೀಗೇ, ಮೂರು ತಿಂಗಳು. ಹೊರಗಿನ ಥಂಡಿ ಒಳಗೆ ಬಾರದಿರಲಿ ಅಂತ ಸುತ್ತಿದೆ. ಒಳಗಿನ ಥಂಡಿ ಹೊರಗೆ ಹೋಗದ ಹಾಗೆ ಆಯಿತು.

ಇಲ್ಲಿಗೆ ನಿಂತಿದ್ದರೆ ಉಜ್ಜಿ, ತಂತಿ ಬದಲಿಸಿ, ವೈರು ಸರಿ ಮಾಡಿಸಿ ಕಾರ್ಯಕ್ರಮ ಮುಗಿಸಬಹುದಿತ್ತು. ದೊಡ್ಡ ಏಟು ಬಿದ್ದಿದ್ದು ನೆಕ್ಕಿಗೆ, ಅಂದರೆ ತಂತಿಗಳ ಕೆಳಗಿರುವ ಉದ್ದನೆ ಕತ್ತಿಗೆ.

ತುಂಬಾ ದಿನ ಇಡುವಾಗ ತಂತಿ ಪೂರ್ತಿ ಸಡಿಲ ಮಾಡಿಡಬೇಕು ಅಂತ ಯಾರೋ ಹೇಳಿದ್ದನ್ನು ನಂಬಿ ಹಾಗೇ ಮಾಡಿದ್ದೆ. ದಯವಿಟ್ಟು ಮಾಡಬೇಡಿ. ಬೇಸಿನ ನಾಲ್ಕು ತಂತಿ ಸೇರಿ ನೆಕ್ಕನ್ನು ಸುಮಾರು 70-80 ಕಿಲೋ ಬಲದಿಂದ ಮುಂದಕ್ಕೆ ಎಳೆಯುತ್ತವೆ. ಅದಕ್ಕೆ ಎದುರಾಗಿ ಹಿಂದಕ್ಕೆ ಎಳೆದು ಹಿಡಿಯುವುದು ನೆಕ್ಕಿನೊಳಗಿರುವ ಟ್ರಸ್ ರಾಡ್ ಎನ್ನುವ ಉಕ್ಕಿನ ಸರಳು. ಹಗ್ಗಜಗ್ಗಾಟದ ಹಾಗೆ ಎರಡೂ ಕಡೆ ಸಮ ಇದ್ದರೆ ನೆಕ್ ನೆಟ್ಟಗೆ ಇರುತ್ತದೆ. ನಾನು ಒಂದು ಕಡೆಯವರ ಕೈಬಿಡಿಸಿದೆ. ಸರಳು ಮಾತ್ರ ಮೂರು ತಿಂಗಳು ಎಳೆಯುತ್ತಲೇ ಇತ್ತು. ಸಾಲದ್ದಕ್ಕೆ ನೆಕ್ಕಿನ ಮೇಲೆ ಬೆರಳು ಒತ್ತುವ ಹಲಗೆ ಥಂಡಿಗೆ ಉಬ್ಬಿತ್ತು. ನೆಕ್ ಹಿಂದಕ್ಕೆ ಬಾಗಿ, ಹೊಸ ತಂತಿ ಹಾಕಿದರೆ ಮೊದಲ ಫ್ರೆಟ್ಟುಗಳ ಮೇಲೆ ಅಂಟಿಕೊಂಡೇ ಕೂರುತ್ತಿತ್ತು. ಯಾವ ಸ್ವರ ನುಡಿಸಿದರೂ ಬರ್ ಬರ್ ಶಬ್ದ.

ನನ್ನ ಬೇಸಿನ ಬೆರಳು ಹಲಗೆ ಬೀಟೆ ಮರದ್ದು. ಬೀಟೆ ನಮ್ಮ ಕಾಡಿನದೇ ಮರ ಅಲ್ವಾ, ಈ ಮಳೆ ಅದಕ್ಕೆ ಹೊಸದೇನಲ್ಲ ಅಂದುಕೊಂಡಿದ್ದೆ. ಆದರೆ ಅದು ಕಾಡಿನಲ್ಲಿ ನಿಂತ ಮರ ಅಲ್ಲ, ನಮ್ಮ ಹಳೇ ಮನೆಗಳ ದಪ್ಪ ಕಂಬವೂ ಅಲ್ಲ. ತೆಳ್ಳಗೆ ಸೀಳಿ, ಒಣಗಿಸಿ, ಮೇಪಲ್ ಎನ್ನುವ ಬೇರೆ ಜಾತಿಯ ಮರದ ಮೇಲೆ ಅಂಟಿಸಿದ ಹಲಗೆ. ಎರಡು ಮರ ಥಂಡಿಗೆ ಒಂದೇ ಸಮ ಉಬ್ಬುವುದಿಲ್ಲ. ಮೇಪಲ್‌ಗೆ ಮೇಲೆ ಪಾಲಿಶ್ ಇರುತ್ತದೆ, ಬೀಟೆಗೆ ಇರುವುದಿಲ್ಲ. ಹಾಗಾಗಿ ಬೀಟೆಯೇ ಮೊದಲು ನೀರು ಕುಡಿಯುತ್ತದೆ.

ಈಗ ನಾನು ಮಾಡಿದ ಮೂರನೇ ತಪ್ಪು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಂಗಡಿಯವರೊಬ್ಬರಿಗೆ ಫೋನ್ ಮಾಡಿದೆ. "ಥಂಡಿ ಹಿಡಿದಿದೆ ಅಷ್ಟೇ, ಒಂದೆರಡು ದಿನ ಬಿಸಿಲು ಕಾಣಿಸಿ, ನೆಟ್ಟಗಾಗುತ್ತದೆ" ಅಂದರು. ಮಲೆನಾಡಿನಲ್ಲಿ ಮಳೆ ಹೊಳವಾದರೆ ನಾವು ಮಾಡುವುದೇ ಅದು. ಹಾಸಿಗೆ, ಕಂಬಳಿ, ಹಪ್ಪಳ, ಮೆಣಸು ಎಲ್ಲ ಅಂಗಳಕ್ಕೆ. ಮಾರನೇ ದಿನ ಹಠಾತ್ತನೆ ಒಳ್ಳೇ ಬಿಸಿಲು ಬಂತು. ಹಪ್ಪಳದ ಚಾಪೆ ಪಕ್ಕ ಬೇಸನ್ನೂ ಇಟ್ಟೆ. ಮಧ್ಯಾಹ್ನ ಎತ್ತಿಕೊಂಡಾಗ ನೆಕ್ಕಿನ ಅಂಚಿನಲ್ಲಿ ಫ್ರೆಟ್ಟಿನ ತುದಿಗಳು ಗರಗಸದ ಹಲ್ಲಿನ ಹಾಗೆ ಕೈಗೆ ಚುಚ್ಚಿದವು. ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಎಂದರೆ, ಐದನೇ ಫ್ರೆಟ್ಟಿನ ಹತ್ತಿರ ಬೀಟೆ ಹಲಗೆ ಮೇಪಲ್‌ನಿಂದ ಬಿಟ್ಟುಕೊಂಡು ಎದ್ದಿತ್ತು. ಸಂದಿಯಲ್ಲಿ ಉಗುರು ತೂರುತ್ತಿತ್ತು.

ಥಂಡಿ ಹಿಡಿದ ವಾದ್ಯವನ್ನು ನಿಧಾನವಾಗಿಯೇ ಒಣಗಿಸಬೇಕು. ಮನೆಯೊಳಗೆ, ಫ್ಯಾನ್ ನೇರವಾಗಿ ಬೀಸದ ಕಡೆ, ಬ್ಯಾಗಿನಿಂದ ಹೊರಗೆ ಒಂದು ವಾರವಾದರೂ ಬಿಡಬೇಕು. ಬಿಸಿಲು ಬೇಡ, ಒಲೆ ಬದಿ ಬೇಡ, ಕೂದಲು ಒಣಗಿಸುವ ಡ್ರೈಯರ್ ಅಂತೂ ಬೇಡವೇ ಬೇಡ. ಆಮೇಲೆ ತಂತಿಯನ್ನು ಶ್ರುತಿಗೆ ತಂದು, ಮತ್ತೆ ಎರಡು ಮೂರು ದಿನ ಬಿಟ್ಟು ನೆಕ್ ನೋಡಬೇಕು. ನೋಡುವ ಕ್ರಮ ಸುಲಭ. ಒಂದು ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒತ್ತಿ, ಇನ್ನೊಂದು ಕೈಯಲ್ಲಿ ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್ಟಿನಲ್ಲಿ ಒತ್ತಿ. ನಡುವೆ ಏಳು ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ 0.3ರಿಂದ 0.4 ಮಿಲಿಮೀಟರ್ ಸಂದಿ ಇರಬೇಕು. ವಿಸಿಟಿಂಗ್ ಕಾರ್ಡ್ ಒಂದು ತೂರಿದರೆ ಸರಿ. ಸಂದಿಯೇ ಇಲ್ಲದಿದ್ದರೆ ನೆಕ್ ಹಿಂದೆ ಬಾಗಿದೆ, ಸರಳನ್ನು ಸಡಿಲಿಸಬೇಕು. ಜಾಸ್ತಿ ಇದ್ದರೆ ಬಿಗಿಯಬೇಕು. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಅಳತೆಗೆ ಸರಿಯಾದ ಕೀಲಿ ಇಲ್ಲದಿದ್ದರೆ ಕೈ ಹಾಕಲೇಬೇಡಿ. ಸರಳಿನ ನಟ್ಟಿನ ಹಲ್ಲು ಸವೆದರೆ ಆ ನೆಕ್ ಮುಗಿಯಿತು.

ಆಂಪಿನ ಕಥೆ ಚಿಕ್ಕದು, ಆದರೆ ಅದರಲ್ಲಿ ಪ್ರಾಣಕ್ಕೇ ಅಪಾಯ ಇತ್ತು. ನೆಲದ ಥಂಡಿಗೆ ಡಬ್ಬದ ಅಡಿ ಹಲಗೆ ಉಬ್ಬಿ ಪದರ ಬಿಟ್ಟಿತ್ತು. ಸ್ಪೀಕರಿನ ಕೋನ್ ಕಾಗದದ್ದು. ಅದು ಮೆತ್ತಗಾಗಿ ಕಂದು ಕಲೆ ಬಿದ್ದಿತ್ತು. ಪ್ಲಾಸ್ಟಿಕ್ ಹರಿದ ಕಡೆಯಿಂದ ಕುಂಬಾರ ಹುಳ ಒಳಗೆ ಹೋಗಿ, ಹಿಂದೆ ಕೇಬಲ್ ಸಿಕ್ಕಿಸುವ ಜ್ಯಾಕಿನ ತೂತಿನಲ್ಲಿ ಮಣ್ಣಿನ ಗೂಡು ಕಟ್ಟಿತ್ತು. ಮೇಲಿಂದ ಒರೆಸಿ ಆನ್ ಮಾಡಿದೆ. ಒಂದು ಕ್ಷಣ ಗುಂಯ್ ಅಂದು ಫ್ಯೂಸ್ ಹೋಯಿತು. ಆ ದಿನವೇ ನಿಲ್ಲಿಸಬೇಕಿತ್ತು. ಊರಿನ ಕಡೆ ವೈರಿಂಗ್ ಮಾಡುವವರೊಬ್ಬರು ಬಂದು, ಆ ಅಳತೆಯ ಫ್ಯೂಸ್ ಸಿಗಲಿಲ್ಲ ಅಂತ ತಾಮ್ರದ ಎಳೆ ಸುತ್ತಿ ಕೊಟ್ಟರು. ಎರಡನೇ ಸಲ ಆನ್ ಮಾಡಿದಾಗ ಟ್ರಾನ್ಸ್‌ಫಾರ್ಮರ್ ಸುಟ್ಟು ಮನೆಯೆಲ್ಲ ಹೊಗೆ. ಫ್ಯೂಸ್ ಹೋದದ್ದು ಒಳಗೆ ಏನೋ ತಪ್ಪಾಗಿದೆ ಅನ್ನುವ ಸೂಚನೆ. ಅದೇ ಆಂಪಿಯರಿನ ಫ್ಯೂಸ್ ಸಿಗುವವರೆಗೆ ಕಾಯಿರಿ. ಹಾಕಿದ ಮೇಲೂ ಹೋದರೆ ಬಲ್ಲವರ ಹತ್ತಿರ ಬಿಚ್ಚಿಸಿ. ನೀವೇ ಮುಚ್ಚಳ ತೆಗೆದು ಬೆರಳು ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ. ಬಲ್ಬಿನಂಥ ಗಾಜಿನ ವಾಲ್ವ್ ಇರುವ ಹಳೇ ಆಂಪ್ ಆದರೆ ಅದು ನೂರಾರು ವೋಲ್ಟ್.

ಅರ್ಥಿಂಗ್ ಬಗ್ಗೆಯೂ ಹೇಳಲೇಬೇಕು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಲೋಹದ ಮೈಗೆ ಸೇರಿಕೊಂಡಿರುತ್ತವೆ. ಥಂಡಿಯಿಂದ ಆಂಪಿನೊಳಗೆ ಕರೆಂಟ್ ಸೋರಿ, ಮನೆಯ ಅರ್ಥಿಂಗೂ ಸರಿ ಇಲ್ಲದಿದ್ದರೆ ಆ ಕರೆಂಟ್ ಬರುವುದು ನಿಮ್ಮ ಬೆರಳಿಗೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀ ಊರಿನಲ್ಲಿ ಲೆಸ್ ಹಾರ್ವಿ ಎನ್ನುವ ಗಿಟಾರ್ ವಾದಕ ವೇದಿಕೆಯ ಮೇಲೆ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡ. ನಮ್ಮಲ್ಲಿ ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ತೂತಿಗೆ ಸಿಕ್ಕಿಸುವುದನ್ನು ಎಷ್ಟು ಕಾರ್ಯಕ್ರಮಗಳಲ್ಲಿ ನೋಡಿಲ್ಲ! ತಂತಿ ಮುಟ್ಟಿದಾಗ ಜುಮ್ ಅಂದರೆ ಆಗಲೇ ನಿಲ್ಲಿಸಿ. ಒಂದು ಹಾಡು ಮುಗಿಸಿ ನೋಡೋಣ ಅನ್ನಬೇಡಿ.

ಕೊನೆಗೆ ಆ ಗಣಪತಿ ಕಾರ್ಯಕ್ರಮಕ್ಕೆ ಬೇರೆಯವರ ಬೇಸ್ ಕೇಳಿ ತಂದು ನುಡಿಸಿದೆ. ಹೊಸ ನೆಕ್, ಬೆಂಗಳೂರಿನಲ್ಲಿ ಅದನ್ನು ಕೂರಿಸಿದ ಕೂಲಿ, ಒಳಗಿನ ಸರ್ಕ್ಯೂಟ್ ಎಲ್ಲ ಸೇರಿ 17 ಸಾವಿರ ಆಯಿತು. ಆಂಪ್ ಗುಜರಿಗೆ ಹೋಯಿತು.

ಒಂದು ದಿನ ಅಮ್ಮ ಸುಮ್ನೆ ಒಂದು ಮಾತು ಹೇಳಿದರು. "ದೊಡ್ಡಪ್ಪ ಮದ್ದಲೆಯನ್ನ ಯಾವತ್ತಾದ್ರೂ ಅಟ್ಟಕ್ಕೆ ಹಾಕಿದ್ರನಾ? ನಡುಮನೆ ಗೂಟಕ್ಕೇ ಅಲ್ವನಾ ತೂಗುಹಾಕ್ತಿದ್ದಿದ್ದು?" ಹೌದು. ಯಕ್ಷಗಾನದ ತಿರುಗಾಟ ಇಲ್ಲದ ಮಳೆಗಾಲದಲ್ಲೂ ಅವರ ಮದ್ದಲೆ ಜನ ಓಡಾಡುವ ಕೋಣೆಯಲ್ಲೇ ಇರುತ್ತಿತ್ತು. ಅಡುಗೆ ಮನೆಗೆ ತಾಗಿದ ಒಳಗೋಡೆಯ ಗೂಟ, ಮೇಲೆ ಒಂದು ಹಳೇ ಪಂಚೆ. ಸಂಜೆ ಎರಡು ಪೆಟ್ಟು ನುಡಿಸಿ ನೋಡುತ್ತಿದ್ದರು. ನಮ್ಮ ಮನೆಯಲ್ಲೇ ಇದ್ದ ತಿಳುವಳಿಕೆ, ನನಗೆ ಹೊಳೆಯಲಿಲ್ಲ.

ಈ ವರ್ಷ ನಾನೂ ಹಾಗೇ ಜನ ಓಡಾಡುವ ಕೋಣೆಯಲ್ಲೇ ಇಟ್ಟಿದ್ದೇನೆ. ಗಾಳಿಯ ತೇವ ತೋರಿಸುವ ಚಿಕ್ಕ ಮೀಟರ್ ಒಂದು ತಂದೆ. ಐನೂರು ರೂಪಾಯಿ ಒಳಗೆ ಸಿಗುತ್ತದೆ, ಗಿಟಾರ್ ಇರುವ ಪ್ರತಿ ಮಲೆನಾಡಿನ ಮನೆಯಲ್ಲಿ ಇರಬೇಕಾದ ಸಾಮಾನು. ಜುಲೈಯಲ್ಲಿ ಅಟ್ಟದಲ್ಲಿ ಶೇಕಡಾ 93 ತೋರಿಸಿತು, ಅದೇ ದಿನ ನಡುಮನೆಯಲ್ಲಿ 74. ಗಿಟಾರಿಗೆ ಒಳ್ಳೆಯದು 45ರಿಂದ 55. ನಮ್ಮ ಮಳೆಗಾಲದಲ್ಲಿ ತೇವ ಎಳೆಯುವ ಮಶಿನ್ ಇಲ್ಲದೆ ಅದು ಆಗುವ ಮಾತಲ್ಲ, ದಿನಕ್ಕೆ ಆರು ಗಂಟೆ ಕರೆಂಟೇ ಇರದಿದ್ದರೆ ಮಶಿನ್ ತಂದೂ ಪ್ರಯೋಜನ ಕಡಿಮೆ. ನನ್ನ ಗುರಿ 70ರ ಒಳಗೆ. ಅದಕ್ಕಿಂತ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಗಿಟಾರ್ ಇಟ್ಟ ಮರದ ಬೀರುವಿನ ಕೆಳಗಿನ ಅರೆಯಲ್ಲಿ ಹಳೇ 40 ವಾಟಿನ ಬಲ್ಬು ಉರಿಸಿದೆ, ಒಳಗೆ 66ಕ್ಕೆ ಇಳಿಯಿತು. ಬಲ್ಬಿನಿಂದ ಒಂದು ಮೊಳ ದೂರದಲ್ಲಿ ಬಟ್ಟೆ, ಕಾಗದ, ಗಿಟಾರ್ ಯಾವುದೂ ಇರಬಾರದು, ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಬೇಕು.

ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ಬಟ್ಟೆಯ ಬ್ಯಾಗಿಗೆ ಅದು ಸಾಲದು. ಬ್ಯಾಗಿನೊಳಗೆ ಹೊಸ ತೇವ ಬರುತ್ತಲೇ ಇರುತ್ತದೆ, ಚಿಕ್ಕ ಪೊಟ್ಟಣ ಎರಡೇ ದಿನದಲ್ಲಿ ತುಂಬಿಬಿಡುತ್ತದೆ. ಬಿಗಿ ಮುಚ್ಚುವ ಗಟ್ಟಿ ಪೆಟ್ಟಿಗೆ ಇದ್ದರೆ ಉಪಯೋಗ, ಅದೂ ಗಿಟಾರ್ ಮೊದಲೇ ಒಣಗಿದ್ದರೆ. ಬಣ್ಣ ಬದಲಾಗುವ ಕಿತ್ತಳೆ ಬಣ್ಣದ ಹರಳು ತನ್ನಿ. ಬಣ್ಣ ತಿರುಗಿದರೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ.

ತುಂಬಾ ದಿನ ಇಡುವಾಗ ತಂತಿಯನ್ನು ಅರ್ಧ ಸ್ವರದಿಂದ ಒಂದು ಸ್ವರದಷ್ಟು ಮಾತ್ರ ಇಳಿಸಿ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣ ಹತ್ತಿ ಬಟ್ಟೆಯಿಂದ, ಕೆಳಗಿನ ಬದಿ ಸೇರಿಸಿ, ಒರೆಸಿ. ಬೆವರಿನ ಉಪ್ಪು ಉಳಿದರೆ ತುಕ್ಕು ಬೇಗ. ಬ್ಯಾಟರಿ ಇರುವ ಬೇಸ್ ಆದರೆ ಬ್ಯಾಟರಿ ತೆಗೆದಿಡಿ. ಕೇಬಲ್ಲನ್ನೂ ಕೀಳಿ, ಜ್ಯಾಕಿನಲ್ಲಿ ಕೇಬಲ್ ಇದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಆಂಪನ್ನು ನೆಲಕ್ಕೆ, ಹೊರಗೋಡೆಗೆ ತಾಗಿಸದೆ ಸ್ಟೂಲಿನ ಮೇಲಿಡಿ. ಮೇಲೆ ಹತ್ತಿ ಬಟ್ಟೆ ಸಾಕು. ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿದರೆ ಒಳಗಿನ ಬಿಸಿಗೇ ತೇವ ಹೋಗುತ್ತದೆ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರಾದರೂ ಈಗಾಗಲೇ ಸುತ್ತಿ ಇಟ್ಟಿದ್ದರೆ ಇವತ್ತೇ ಇಳಿಸಿ ಬಿಚ್ಚಿ. ಮಳೆ ಸುರಿಯುತ್ತಿದ್ದರೂ ಪರವಾಗಿಲ್ಲ, ಬ್ಯಾಗಿನಿಂದ ತೆಗೆದು ಮನೆಯೊಳಗೆ ಇಡಿ. ಆ ಹಲಗೆ ಬಿಟ್ಟ ನೆಕ್ಕನ್ನು ನಾನು ಬಿಸಾಡಿಲ್ಲ. ನಮ್ಮ ತಂಡದ ಹುಡುಗರಿಗೆ ಮೇ ತಿಂಗಳಲ್ಲಿ ಅದನ್ನೇ ಕೈಗೆ ಕೊಟ್ಟು ತೋರಿಸಿದೆ. ಈ ದಾರಿಯಲ್ಲಿ ಬಂದವರು ಮನೆಗೆ ಬನ್ನಿ, ನಿಮಗೂ ತೋರಿಸುತ್ತೇನೆ.