ಸೈಕಲ್ ಕ್ಯಾರಿಯರ್: ಮೂರು ಬಗೆ, ಮೂರು ಮಳೆಗಾಲದ ಬಳಕೆ

ಓಡಿದ್ದು: ಮೈಸೂರಿನ ಒಳರಸ್ತೆ, ಶ್ರೀರಂಗಪಟ್ಟಣದ ಕಡೆಯ ಸರ್ವೀಸ್ ರಸ್ತೆ, ಮಂಡ್ಯ ಸುತ್ತಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ. ಹೊತ್ತಿದ್ದು: ದಿನಸಿ, ಹಾಲಿನ ಕ್ಯಾನು, ಅಪರೂಪಕ್ಕೆ ಅಕ್ಕಿ ಮೂಟೆ.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಕೆ.ಜಿ. ತಡೆಯುತ್ತೆ?’ ಅಂತ. ಉತ್ತರ ಕ್ಯಾರಿಯರ್ ಮೇಲೇ ಅಚ್ಚಾಗಿರುತ್ತದೆ. ಆದರೆ ಅಷ್ಟೂ ಭಾರ ಕೊನೆಗೆ ಬಂದು ನಿಲ್ಲುವುದು ಆಕ್ಸಲ್ ಪಕ್ಕದ ಎರಡು ಬೋಲ್ಟಿನ ಮೇಲೆ, ಅವುಗಳ ದಪ್ಪವೋ ಬರೀ 5 ಮಿ.ಮೀ. ಕ್ಯಾರಿಯರ್ ಮುರಿಯುವುದು ಕಡಿಮೆ, ಬೋಲ್ಟು ಸಡಿಲವಾಗಿ ತುಂಡಾಗುವುದೇ ಹೆಚ್ಚು.

ಆದ್ದರಿಂದ ದುಡ್ಡು ಕೊಡುವ ಮೊದಲು ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಆಕ್ಸಲ್ ಪಕ್ಕ ಎರಡೂ ಕಡೆ ಥ್ರೆಡ್ ಇರುವ ತೂತು ಇದೆಯೇ? ಸೀಟಿನ ಕೆಳಗೆ ಕೊಳವೆಗಳು ಕೂಡುವಲ್ಲಿ ಇನ್ನೆರಡು? ನಾಲ್ಕೂ ಇದ್ದರೆ ಅರ್ಧ ಕೆಲಸ ಮುಗಿದಂತೆ. ಮೇಲಿನ ಎರಡು ಇಲ್ಲದಿದ್ದರೆ ಸೀಟ್ ಕ್ಲಾಂಪ್ (ಸೀಟ್ ರಾಡ್ ಇಳಿಯುವ ಕೊಳವೆಯ ಬಾಯನ್ನು ಬಿಗಿಹಿಡಿಯುವ ಬಳೆ) ತೆಗೆದು ಕ್ಯಾರಿಯರ್ ತೂತಿರುವ ಕ್ಲಾಂಪ್ ಹಾಕಬಹುದು. ಸಾಮಾನ್ಯವಾಗಿ ಸಿಗುವ ಅಳತೆ 28.6, 31.8, 34.9 ಮಿ.ಮೀ.; ಕಣ್ಣಂದಾಜಿನಲ್ಲಿ ತಂದರೆ ವಾಪಸ್ ಕೊಡಲು ಅಲೆಯಬೇಕು, ವರ್ನಿಯರ್ ಹಿಡಿದು ಅಳೆದೇ ಹೋಗಿ. ಕೆಳಗಿನ ತೂತೇ ಇಲ್ಲ ಎಂದರೆ ರಬ್ಬರ್ ಹೊದಿಸಿದ ಪಿ-ಕ್ಲಿಪ್ (ಕೊಳವೆಯನ್ನು ಸುತ್ತಿ ಹಿಡಿಯುವ ಲೋಹದ ಪಟ್ಟಿ) ಒಂದು ದಾರಿ. ಹತ್ತು ಕಿಲೋ ಒಳಗಿನ ಹೊರೆಗೆ ಸಾಕು. ಮೀರಿದರೆ ಕ್ಲಿಪ್ಪು ಕೊಳವೆಯ ಮೇಲೆ ಜಾರಿ ಬಣ್ಣ ಕೆರೆಯುತ್ತದೆ.

ಡಿಸ್ಕ್ ಬ್ರೇಕಿನವರು ಕ್ಯಾಲಿಪರ್, ಅಂದರೆ ಡಿಸ್ಕನ್ನು ಕಚ್ಚಿ ಹಿಡಿಯುವ ಭಾಗ, ಎಲ್ಲಿ ಕೂತಿದೆ ನೋಡಿಕೊಳ್ಳಬೇಕು. ಸೀಟಿನಿಂದ ಹಿಂದಿನ ಆಕ್ಸಲ್ಲಿಗೆ ಇಳಿಯುವ ಕೊಳವೆಯ ಮೇಲೆ ಅದು ಉಬ್ಬಿಕೊಂಡಿದ್ದರೆ ಮಾಮೂಲಿ ಕ್ಯಾರಿಯರ್ ಕಾಲು ಅದಕ್ಕೆ ತಗಲುತ್ತದೆ. ಆಗ ನಡುವೆ ಸ್ಪೇಸರ್ ತುರುಕಿ ಉದ್ದದ ಬೋಲ್ಟು ಹಾಕಿಕೊಡುತ್ತಾರೆ. ಒಪ್ಪಬೇಡಿ. ಕಾಲು ಫ್ರೇಮಿನಿಂದ ದೂರ ಸರಿದಷ್ಟೂ ಬೋಲ್ಟು ಬಾಗಿ ಬಾಗಿ ದಣಿಯುತ್ತದೆ. ಡಿಸ್ಕ್ ಸೈಕಲ್ಲಿಗೆಂದೇ ಕಾಲನ್ನು ಹೊರಕ್ಕೆ ಬಗ್ಗಿಸಿದ ಮಾದರಿ ಇದೆ, ಅದನ್ನೇ ಕೇಳಿ.

ಈಗ ಒಂದೊಂದಾಗಿ. ಸೀಟ್ ರಾಡಿಗೆ ಕಚ್ಚುವ ಕ್ಯಾರಿಯರ್ ಹತ್ತು ನಿಮಿಷದಲ್ಲಿ ಕೂರುತ್ತದೆ, ಅದರ ಗುಣ ಅಲ್ಲಿಗೆ ಮುಗಿಯಿತು. ಒಳ್ಳೆಯವಕ್ಕೂ ಮಿತಿ 9–10 ಕೆ.ಜಿ. ತಿರುವಿನಲ್ಲಿ ಭಾರ ಒಂದು ಪಕ್ಕಕ್ಕೆ ಎಳೆದರೆ ಕ್ಲಾಂಪು ರಾಡಿನ ಸುತ್ತ ತಿರುಗಿ ಚೀಲ ತೊಡೆಗೆ ಬಡಿಯುತ್ತದೆ. ಸೀಟ್ ರಾಡ್ ಕಾರ್ಬನ್‌ನದಾದರೆ ಇದನ್ನು ಮುಟ್ಟಲೇಬೇಡಿ. ಟಿಫನ್ ಬಾಕ್ಸ್, ರೇನ್‌ಕೋಟು ಇಷ್ಟಕ್ಕಾದರೆ ಆದೀತು.

ದಿನಬಳಕೆಗೆ ಗೆದ್ದದ್ದು ಫ್ರೇಮಿಗೆ ನಾಲ್ಕು ಬೋಲ್ಟಿನಲ್ಲಿ ಕೂರುವ ಅಲ್ಯೂಮಿನಿಯಂ ಕ್ಯಾರಿಯರ್. ಕೊಳವೆ 10 ಮಿ.ಮೀ. ಇರಲಿ, 25 ಕೆ.ಜಿ. ಎಂದು ಬರೆದಿರಲಿ. ಐಎಸ್‌ಒ 11243 ಎಂದು ಜೊತೆಗಿದ್ದರೆ ಇನ್ನೂ ಒಳ್ಳೆಯದು, ಅದು ಕ್ಯಾರಿಯರ್‌ಗಳದ್ದೇ ಮಾನದಂಡ. ಸಾವಿರ ರೂಪಾಯಿ ಮಾಲಿನ ಮೇಲೆ 50 ಕೆ.ಜಿ. ಎಂದು ಬರೆದಿದ್ದರೆ ನಕ್ಕು ಮುಂದೆ ಹೋಗಿ. ಪಕ್ಕದ ಚೀಲ ತೂಗುಹಾಕುವವರು ಹಲಗೆಗಿಂತ ಕೆಳಗೆ ಇನ್ನೊಂದು ಕಂಬಿ ಇರುವುದನ್ನೇ ಆರಿಸಿ: ಭಾರ ತಗ್ಗಿದಷ್ಟೂ ಸೈಕಲ್ ಓಲಾಡುವುದು ಕಡಿಮೆ, ಮೇಲ್ಭಾಗವೂ ಖಾಲಿ ಉಳಿಯುತ್ತದೆ. ಚೀಲ ಹಾಕಿ ಪೆಡಲನ್ನು ಹಿಂದಕ್ಕೆ ಒಂದು ಸುತ್ತು ತಿರುಗಿಸಿ. ಹಿಮ್ಮಡಿ ತಗಲಿದರೆ ಚೀಲವನ್ನು ಹಿಂದಕ್ಕೆ ಸರಿಸಿ.

ಕೂರಿಸುವಾಗ ನಾಲ್ಕೂ ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ. ಒಂದನ್ನು ಪೂರ್ತಿ ಬಿಗಿದರೆ ಉಳಿದ ತೂತುಗಳು ಎದುರಾಗುವುದಿಲ್ಲ, ಬಲವಂತ ಮಾಡಿದರೆ ಥ್ರೆಡ್ಡು ಹಾಳು. ಹಲಗೆ ಮಟ್ಟಸ ಮಾಡಿ, ಕೆಳಗಿನದು ಮೊದಲು, ಮೇಲಿನದು ಆಮೇಲೆ, 4 ಮಿ.ಮೀ. ಅಲೆನ್ ಕೀಯಲ್ಲಿ ಬಿಗಿಯಿರಿ. ಥ್ರೆಡ್ಡಿಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ (ಬೋಲ್ಟು ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಕೆಂಪು ಬೇಡ, ಬಿಚ್ಚಲು ಕಾಯಿಸಬೇಕಾಗುತ್ತದೆ. ಬಲಗಡೆಯ ಬೋಲ್ಟು ಫ್ರೇಮಿನಿಂದ ಒಳಕ್ಕೆ ಇಣುಕಿದರೆ ಚೈನು ಅತಿ ಸಣ್ಣ ಹಲ್ಲುಚಕ್ರಕ್ಕೆ ಬಂದಾಗ ಕಟಕಟ ತಗಲುತ್ತದೆ. ಗೇರಿನ ದೋಷವೆಂದು ಗೇರು ತಿರುಚಿ ಕೆಡಿಸುವವರೇ ಹೆಚ್ಚು. ಬೇಕಿರುವುದು ಒಂದು ವಾಷರ್ ಅಥವಾ ಗಿಡ್ಡ ಬೋಲ್ಟು.

ಐವತ್ತು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಿಗಿ ನೋಡಿ, ಆಮೇಲೆ ತಿಂಗಳಿಗೊಮ್ಮೆ. ಬೋಲ್ಟಿನ ತಲೆಯಿಂದ ಕ್ಯಾರಿಯರ್ ಕಾಲಿನವರೆಗೆ ಉಗುರುಬಣ್ಣದಲ್ಲಿ ಒಂದು ಗೀಟು ಎಳೆದಿಟ್ಟರೆ, ಗೀಟು ಮುರಿದು ಕಂಡ ದಿನ ಬೋಲ್ಟು ತಿರುಗಿದೆ ಎಂದರ್ಥ. ಈ ರಸ್ತೆಗಳಿಗೆ ಇದು ಅತಿಯಲ್ಲ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕಿಗೂ ಪ್ರವೇಶವಿಲ್ಲ, ಸೈಕಲ್ಲಿಗೆ ಸರ್ವೀಸ್ ರಸ್ತೆಯೇ ಗತಿ. ಅಲ್ಲಿನ ಪ್ರತಿ ಹಂಪೂ ಬೋಲ್ಟನ್ನು ಕೊಂಚ ಕೊಂಚ ಅಲುಗಿಸುತ್ತದೆ. ಸಡಿಲಾದ ಬೋಲ್ಟು ತೂತಿನೊಳಗೇ ತುಂಡಾದರೆ ಡ್ರಿಲ್ ಹಾಕಿ ತೆಗೆಸಬೇಕು, ಕೈ ತಪ್ಪಿದರೆ ಫ್ರೇಮಿನ ಥ್ರೆಡ್ಡೂ ಹೋಗುತ್ತದೆ.

ಕರಿ ಸೈಕಲ್ಲಿನ ಕಬ್ಬಿಣದ ಕ್ಯಾರಿಯರ್ ಭಾರ, ತುಕ್ಕೂ ಹಿಡಿಯುತ್ತದೆ. ಆದರೂ ಮೂಟೆ ಹೊರಲು ಅದರ ಮುಂದೆ ಬೇರೆಯದಿಲ್ಲ. ಅದರ ಕಾಲು ಆಕ್ಸಲ್ಲಿನ ನಟ್ಟಿನ ಕೆಳಗೇ ಸಿಕ್ಕಿಕೊಂಡಿರುತ್ತದೆ, ಭಾರ ನೇರ ಆಕ್ಸಲ್ಲಿಗೆ ಇಳಿಯುತ್ತದೆ. ಸಣ್ಣ ಬೋಲ್ಟಿನ ಹಂಗಿಲ್ಲ. ಹಿಂದಿನ ಗಾಲಿಗೆ 40 ಕಡ್ಡಿ ಬೇರೆ. ಬಿರುಕು ಬಿಟ್ಟರೆ ಯಾವ ಊರಿನ ವೆಲ್ಡಿಂಗ್ ಅಂಗಡಿಯಲ್ಲೂ ಬೆಸೆಯುತ್ತಾರೆ, ಅಲ್ಯೂಮಿನಿಯಂಗಾದರೆ ಆರ್ಗಾನ್ ವೆಲ್ಡಿಂಗ್ ಹುಡುಕಬೇಕು. ಡಬಲ್ಸ್ ಹೊಡೆಯುವ ಆಸೆಯನ್ನು ಇದಕ್ಕೇ ಮೀಸಲಿಡಿ. ಗ್ಯಾಸ್ ಸಿಲಿಂಡರನ್ನೂ ಅಷ್ಟೆ: ಒಳಗಿನ ಅನಿಲ 14.2 ಕೆ.ಜಿ., ಖಾಲಿ ತೂಕ ಸೇರಿದರೆ 30ರ ಹತ್ತಿರ, ಅಂದರೆ ಅಲ್ಯೂಮಿನಿಯಂ ಕ್ಯಾರಿಯರ್ ಮಿತಿ ಆಗಲೇ ದಾಟಿತು.

ಕಟ್ಟಲು ಕೊಕ್ಕೆಯ ಎಲಾಸ್ಟಿಕ್ ಹಗ್ಗಕ್ಕಿಂತ ಹಳೆಯ ಟ್ಯೂಬ್ ಸೀಳಿದ ಪಟ್ಟಿಯೇ ಮೇಲು. ಕೊಕ್ಕೆ ಹಂಪಿನಲ್ಲಿ ಕಳಚಿ ಕಡ್ಡಿಗೆ ಸುತ್ತಿಕೊಂಡರೆ ಗಾಲಿ ಅಲ್ಲೇ ಕಚ್ಚಿ ನಿಲ್ಲುತ್ತದೆ. ಅದೇ ಟ್ಯೂಬಿನ ತುಂಡನ್ನು ಚೀಲದ ಕೊಕ್ಕೆ ಕೂರುವಲ್ಲಿ ಕಂಬಿಗೂ ಸುತ್ತಿ. ಸುತ್ತದಿದ್ದರೆ ಬಣ್ಣ ಸವೆದು, ಕಬ್ಬಿಣದ್ದಾದರೆ ಮೊದಲ ಮಳೆಗೇ ಅಲ್ಲಿ ತುಕ್ಕು ಶುರು. ಉಳಿದ ಪಟ್ಟಿಯ ಜೊತೆ ಎರಡು ಬದಲಿ ಬೋಲ್ಟು, ಒಂದು ಅಲೆನ್ ಕೀ ಸುತ್ತಿ ಸೀಟಿನ ಕೆಳಗೆ ಕಟ್ಟಿಡಿ.