ಕುಸಾತ್ಸು ಬಿಸಿನೀರಿನ ಊರು: ದೊಡ್ಡ ಸ್ನಾನದ ಮನೆಗಳಿಗಿಂತ ಚಿಕ್ಕವೇ ಇಷ್ಟವಾದವು

ನೆಲದಿಂದ ಉಕ್ಕುವ ಬಿಸಿನೀರಿನ ಸ್ನಾನಕ್ಕೆ ಹೆಸರಾದ ಜಪಾನಿನ ಕುಸಾತ್ಸುಗೆ ಹೋಗುವ ಯೋಚನೆ ಇದ್ದರೆ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವ ಪ್ಲಾನ್ ಮಾಡಬೇಡಿ. ಒಂದು ರಾತ್ರಿಯಾದರೂ ಅಲ್ಲೇ ಉಳಿಯಿರಿ. ಟೋಕಿಯೋದಿಂದ ನಾಗಾನೊಹಾರಾ-ಕುಸಾತ್ಸುಗುಚಿ ಸ್ಟೇಷನ್ನಿಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಬೆಟ್ಟದ ದಾರಿಯಲ್ಲಿ ಬಸ್ಸು ಮತ್ತೆ ಅರ್ಧ ಗಂಟೆ. ಊರಿನೊಳಕ್ಕೆ ರೈಲಿಲ್ಲ. ಇಷ್ಟು ದೂರ ಬಂದು ಒಂದೇ ಸಲ ಮುಳುಗಿ ಎದ್ದು ಹೋದರೆ ಏನು ಬಂತು? ಇಲ್ಲಿನ ನೀರಿನಲ್ಲಿ ಒಂದೇ ಸಲಕ್ಕೆ ಜಾಸ್ತಿ ಹೊತ್ತು ಕೂರಲು ಆಗುವುದಿಲ್ಲ. ಸ್ವಲ್ಪ ಹೊತ್ತು ಇಳಿಯಬೇಕು, ಹೊರಗೆ ಬಂದು ಮೈ ಆರಿಸಿಕೊಂಡು ಸುಮ್ನೆ ಸುತ್ತಾಡಬೇಕು, ಮತ್ತೆ ಇನ್ನೊಂದು ಕಡೆ ಇಳಿಯಬೇಕು.

ಊರು ಇರುವುದು ಸುಮಾರು 1,200 ಮೀಟರ್ ಎತ್ತರದಲ್ಲಿ, ಶಿರಾನೆ ಜ್ವಾಲಾಮುಖಿಯ ಮಗ್ಗುಲಲ್ಲಿ. ಬಸ್ಸಿಳಿದು ಕೆಳಗೆ ನಡೆಯುತ್ತಿದ್ದ ಹಾಗೆ ಗಂಧಕದ ವಾಸನೆ ಬರುತ್ತದೆ. ಊರ ನಡುಮಧ್ಯೆ ಯುಬತಾಕೆ, ಅಂದರೆ ಬಿಸಿನೀರಿನ ಹೊಲ. ನೆಲದಿಂದ ಉಕ್ಕುವ ನೀರು ನಿಮಿಷಕ್ಕೆ ಸುಮಾರು 4,000 ಲೀಟರ್, ಏಳು ಮರದ ಕಾಲುವೆಗಳಲ್ಲಿ ಹರಿದು ಹಸಿರು ಬಣ್ಣದ ಕೊಳಕ್ಕೆ ಬೀಳುತ್ತದೆ. ಇದು ನೋಡುವುದಕ್ಕೆ ಮಾಡಿಟ್ಟದ್ದಲ್ಲ, ಸ್ನಾನಕ್ಕೆ ಆಗುವಷ್ಟು ನೀರು ತಣಿಯಲಿ ಅಂತ ಮಾಡಿದ್ದು. ಕಾಲುವೆಯ ತಳದಲ್ಲಿ ಕೂತ ಗಂಧಕದ ಪುಡಿಯನ್ನೂ ಕೆರೆದು ಮಾರುತ್ತಾರೆ. ರಾತ್ರಿ ದೀಪ ಹಾಕಿದಾಗ ಆವಿ ಏಳುವುದು ಚೆನ್ನಾಗಿ ಕಾಣುತ್ತದೆ, ಎಲ್ಲರ ಫೋನೂ ಆಗ ಹೊರಗೇ.

ಆದರೆ ನನಗೆ ಇಲ್ಲಿ ಮುಖ್ಯ ಅನಿಸಿದ್ದು ನೀರು. ಪಿಎಚ್ ಸುಮಾರು 2, ಹೆಚ್ಚು ಕಡಿಮೆ ನಿಂಬೆರಸದ ಹುಳಿ! ಸಣ್ಣ ಗಾಯ ಇದ್ದರೂ ಚುರುಗುಟ್ಟುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಬೆಳ್ಳಿ ಒಡವೆ ಕಪ್ಪಾಗುತ್ತದೆ, ಕಾಲುಂಗುರ, ಗೆಜ್ಜೆ ಎಲ್ಲ ರೂಮಿನಲ್ಲೇ ಬಿಟ್ಟು ಹೋಗಿ. ಚರ್ಮ ಸೂಕ್ಷ್ಮ ಇರುವವರು ಆಮೇಲೆ ಸಾದಾ ನೀರು ಹಾಕಿಕೊಳ್ಳುವುದು ಒಳ್ಳೆಯದು. ಈ ನೀರು ಹರಿದು ಸೇರುವ ನದಿಯ ಹುಳಿ ತಗ್ಗಿಸಲು 1964ರಿಂದ ಸುಣ್ಣಕಲ್ಲಿನ ಪುಡಿ ಕಲಸಿದ ನೀರು ಬಿಡುತ್ತಲೇ ಇದ್ದಾರೆ. ಅಷ್ಟು ತೀಕ್ಷ್ಣ.

ಬಿಸಿಯೂ ಹಾಗೇ. ತಣ್ಣೀರು ಬೆರೆಸಿದರೆ ಸುಲಭವಾಗಿ ತಣಿಯುತ್ತದೆ, ಆದರೆ ನೀರಿನ ಗುಣ ತೆಳುವಾಗುತ್ತದೆ ಅಂತ ಹಿಂದಿನಿಂದಲೂ ಉದ್ದದ ಮರದ ಹಲಗೆಗಳಿಂದ ನೀರನ್ನು ಮಗುಚಿ ಮಗುಚಿ ತಣಿಸುವ ಪದ್ಧತಿ ಇದೆ. ಅದಕ್ಕೆ ಯುಮೋಮಿ ಅನ್ನುತ್ತಾರೆ. ನೆತ್ಸುನೊಯು ಎಂಬಲ್ಲಿ ಹೆಂಗಸರು ಹಾಡುತ್ತಾ ಅದನ್ನು ಮಾಡಿ ತೋರಿಸುತ್ತಾರೆ, ಟಿಕೆಟ್ ಇದೆ. ಸಮಯ ಇದ್ದರೆ ನೋಡಿ. ಎರಡರಲ್ಲಿ ಒಂದು ಆರಿಸಿಕೋ ಅಂದರೆ ನಾನು ಆ ಹೊತ್ತನ್ನು ನೀರಿನಲ್ಲೇ ಕಳೆಯುತ್ತೇನೆ.

ದುಡ್ಡು ಕೊಟ್ಟು ಹೋಗುವ ದೊಡ್ಡ ಸ್ನಾನದ ಮನೆಗಳು ಮೂರು. ಸಾಯಿನೊಕವಾರಾ ಬಯಲಿನಲ್ಲಿದೆ, ಸುತ್ತ ಮರ, ಮೇಲೆ ಆಕಾಶ, ಜಾಗ ಬೇಕಾದಷ್ಟು. ಓತಾಕಿನೊಯುನಲ್ಲಿ ಬೇರೆ ಬೇರೆ ಬಿಸಿಯ ತೊಟ್ಟಿಗಳಿವೆ, ಕಡಿಮೆ ಬಿಸಿಯದರಿಂದ ಶುರು ಮಾಡಿ ಒಂದೊಂದಾಗಿ ಮುಂದಕ್ಕೆ ಹೋಗಬಹುದು. ಮೊದಲ ಸಲ ಹೋಗುವವರು ಇಲ್ಲಿಂದಲೇ ಶುರು ಮಾಡಿ ಅಂತ ಹೇಳುತ್ತೇನೆ. ಗೊಝಾನೊಯು ಅಚ್ಚುಕಟ್ಟಾಗಿದೆ, ಮರದ ಕೋಣೆ ಒಂದು, ಕಲ್ಲಿನ ಕೋಣೆ ಒಂದು.

ನನ್ನ ಮನಸ್ಸು ಹೋಗಿದ್ದು ಮಾತ್ರ ಊರವರ ಪುಟ್ಟ ಸ್ನಾನದ ಮನೆಗಳಿಗೆ. ಇಂಥವು ಊರಲ್ಲಿ ಹಲವಾರು ಇವೆ, ಹೊರಗಿನವರಿಗೆ ತೆರೆದಿರುವುದು ಮೂರು: ಯುಬತಾಕೆಯ ಪಕ್ಕದ ಶಿರಾಹಾತಾನೊಯು, ಆಮೇಲೆ ಚಿಯೋನೊಯು, ಜಿಝೋನೊಯು. ಪುಕ್ಕಟೆ. ಒಳಗೆ ಮರದ ತೊಟ್ಟಿ, ಬಟ್ಟೆ ಇಡಲು ಗೂಡು, ಅಷ್ಟೇ. ಸೋಪಿಲ್ಲ, ಶವರ್ ಇಲ್ಲ, ಟವೆಲ್ ನೀವೇ ತರಬೇಕು. ಬೆಲೆಬಾಳುವ ವಸ್ತು ತರಬೇಡಿ. ಊರವರು ದಿನವೂ ಬರುವ ಜಾಗ ಇದು, ಗಲಾಟೆ ಮಾಡದೆ, ಫೋನ್ ತೆಗೆಯದೆ ಇದ್ದು ಬಂದರೆ ಮುಂದೆಯೂ ನಮ್ಮಂಥವರಿಗೆ ಬಾಗಿಲು ತೆರೆದಿರುತ್ತದೆ. ಒಂದು ಬೆಳಗ್ಗೆ ಶಿರಾಹಾತಾನೊಯುನಲ್ಲಿ ನಾನು ಕಾಲಿಟ್ಟು ಥಟ್ಟನೆ ತೆಗೆದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬಕೆಟ್ ತೋರಿಸಿ, ಮೊದಲು ಕಾಲಿಗೆ, ಆಮೇಲೆ ಭುಜಕ್ಕೆ ನೀರು ಹಾಕಿಕೊಂಡು ಇಳಿ ಅಂತ ಕೈಸನ್ನೆಯಲ್ಲೇ ಹೇಳಿಕೊಟ್ಟರು. ಹಾಗೆ ಮಾಡಿದರೆ ನಿಜವಾಗಿ ಆ ಬಿಸಿ ತಡೆದುಕೊಳ್ಳಬಹುದು.

ನಮ್ಮವರು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತು. ಹೌದು, ಇಲ್ಲೆಲ್ಲ ಬಟ್ಟೆ ಪೂರ್ತಿ ತೆಗೆದೇ ಇಳಿಯಬೇಕು, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಜಾಗ. ಜೊತೆಗಿದ್ದ ಅಮ್ಮ ಮೊದಲು "ನಾ ಒಲ್ಲೆ, ನೀ ಹೋಗಿ ಬಾ" ಅಂತ ಬಾಗಿಲಲ್ಲೇ ನಿಂತರು. ಒಳಗೆ ಯಾರೂ ಯಾರನ್ನೂ ನೋಡುವುದಿಲ್ಲ, ಎಲ್ಲ ವಯಸ್ಸಿನವರೂ ಇರುತ್ತಾರೆ. ಸಂಜೆ ಹೊತ್ತಿಗೆ ಅವರೇ "ಇನ್ನೊಂದು ಕಡೆ ಹೋಗೋಣ್ವಾ" ಅಂದರು. ನಿಮ್ಮ ಮನೆಯ ಹಿರಿಯರಿಗೂ ಒಂದು ಅವಕಾಶ ಕೊಡಿ, ಒತ್ತಾಯ ಬೇಡ. ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇಳಿಯಲೇಬಾರದು.

ಸಸ್ಯಾಹಾರಿಗಳಿಗೆ ಊಟ ಕಷ್ಟ. ಸೂಪು, ಸಾರುಗಳಲ್ಲಿ ಮೀನಿನ ರಸ ಇರುತ್ತದೆ, ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ರೂಮ್ ಬುಕ್ ಮಾಡುವಾಗಲೇ ಬರೆದು ಕೇಳಿ. ಆದಷ್ಟು ಶನಿವಾರ, ಭಾನುವಾರ ಬಿಟ್ಟು ಹೋಗಿ, ಚಿಕ್ಕ ತೊಟ್ಟಿಗಳಲ್ಲಿ ಆಗ ಕಾಲಿಡಲೂ ಜಾಗ ಇರುವುದಿಲ್ಲ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಜಾರದ ಶೂ ಇರಲಿ.